ಬೆಂಗಳೂರಿನ ಕೆಲಸ ಬಿಟ್ಟು ಅಪ್ಪನ ಕಾಫಿ ತೋಟ ವಹಿಸಿಕೊಳ್ಳುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಮೂಡಿಗೆರೆ, ಸಕಲೇಶಪುರ, ಬೇಲೂರು, ಕೊಪ್ಪ, ಎಲ್ಲಿ ಹೋದರೂ ಈಗ ಒಂದೇ ಸುದ್ದಿ. ಇವರ ಮಗ ಕೆಲಸ ಬಿಟ್ಟು ಊರಿಗೆ ಬರ್ತಾನಂತೆ, ಅವರ ಮಗಳು ತೋಟ ನೋಡ್ಕೋತಾಳಂತೆ. 2024–25ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ದರ ಬಂತು. ಅತ್ತ ಐಟಿ ಕಂಪನಿಗಳಲ್ಲಿ ಕೆಲಸ ಹೋಗುವ ಭಯ. ಎರಡೂ ಒಟ್ಟಿಗೆ ಬಂದಾಗ ತೋಟ ನೆನಪಾಗುವುದು ಸಹಜ ಅಲ್ವಾ?

ಬರುವುದು ತಪ್ಪಲ್ಲ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರಲ್ಲೇ ಎಲ್ಲಾ ಇದೆ. ನನ್ನ ಪ್ರಕಾರ ಮೊದಲು ದುಡ್ಡಿನ ಲೆಕ್ಕ, ಆಮೇಲೆ ಕಾಗದಪತ್ರ, ಆಮೇಲೆ ಜನ, ಆಮೇಲೆ ಹಣ್ಣು. ಮಾರುಕಟ್ಟೆ ಕೊನೆಗೆ. ಬಹಳ ಜನ ಇದನ್ನು ತಲೆಕೆಳಗು ಮಾಡುತ್ತಾರೆ. ಮೊದಲು ಬ್ರ್ಯಾಂಡಿಗೆ ಹೆಸರು, ಲೋಗೋ, ಇನ್‌ಸ್ಟಾಗ್ರಾಂ ಪೇಜು. ಆಮೇಲೆ ಪಹಣಿ ತೆಗೆದು ನೋಡಿದರೆ ತೋಟ ಇನ್ನೂ ತಾತನ ಹೆಸರಿನಲ್ಲೇ ಇರುತ್ತದೆ.

ಹತ್ತರಿಂದ ನಲವತ್ತು ಎಕರೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ದೊಡ್ಡ ಎಸ್ಟೇಟಿನವರಿಗೆ ಮ್ಯಾನೇಜರ್ ಇರುತ್ತಾರೆ, ಅವರ ಕಷ್ಟವೇ ಬೇರೆ.

ಹಂತ 1: ರಾಜೀನಾಮೆ ಕೊಡುವ ಮೊದಲು ದುಡ್ಡಿನ ಲೆಕ್ಕ

ಸಂಬಳ ತಿಂಗಳಿಗೊಮ್ಮೆ ಬರುತ್ತದೆ. ಕಾಫಿ ವರ್ಷಕ್ಕೊಮ್ಮೆ. ಖರ್ಚು ಮಾತ್ರ ಹನ್ನೆರಡು ತಿಂಗಳೂ ಇರುತ್ತದೆ. ಜೂನ್‌ನಲ್ಲಿ ಊರಿಗೆ ಬಂದವರಿಗೆ ಮೊದಲ ಕಾಸು ಕಾಣುವುದು ಮುಂದಿನ ಫೆಬ್ರವರಿ–ಮಾರ್ಚ್‌ಗೆ. ಅದರಲ್ಲೂ ಅರ್ಧ ಹಳೇ ಬೆಳೆಸಾಲಕ್ಕೆ ಜಮಾ ಆಗುತ್ತದೆ. ಹಾಗಾಗಿ ಮನೆ ಖರ್ಚು, ಇಎಂಐ, ಮಕ್ಕಳ ಸ್ಕೂಲ್ ಫೀಸು ಎಲ್ಲಾ ಸೇರಿಸಿ ಒಂದೂವರೆ ವರ್ಷಕ್ಕೆ ಆಗುವಷ್ಟು ಕೈಯಲ್ಲಿಟ್ಟುಕೊಂಡೇ ಹೊರಡಿ. ಬೆಂಗಳೂರಿನ ಫ್ಲಾಟಿನ ಸಾಲ ಇನ್ನೂ ಇದ್ದರೆ ಎರಡು ವರ್ಷದ್ದು ಇರಲಿ.

ಆಮೇಲೆ ಇಳುವರಿ. ನಮ್ಮಲ್ಲಿ ಬೆಳೆಯುವುದು ಅರೇಬಿಕಾ, ರೊಬಸ್ಟಾ ಅನ್ನುವ ಎರಡು ಜಾತಿಯ ಕಾಫಿ. ದೇಶದ ಸರಾಸರಿ ನೋಡಿದರೆ ಅರೇಬಿಕಾ ಹೆಕ್ಟೇರಿಗೆ 450–500 ಕೆ.ಜಿ. ಬೀಜ, ರೊಬಸ್ಟಾ 1,100–1,200 ಕೆ.ಜಿ. ಅಂದರೆ ಅರೇಬಿಕಾ ಎಕರೆಗೆ ಹೆಚ್ಚುಕಡಿಮೆ 180–200 ಕೆ.ಜಿ., ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು, ಹೊಟ್ಟಿನ ಸಮೇತ ಒಣಗಿಸಿದ ಬೀಜ) ಲೆಕ್ಕದಲ್ಲಿ 50 ಕೆ.ಜಿ.ಯ ಐದು ಮೂಟೆಯ ಆಸುಪಾಸು. "ನಮ್ಮದು ಹತ್ತು ಮೂಟೆ ಬರುತ್ತೆ" ಅಂತ ಅಪ್ಪ ಹೇಳಬಹುದು. ಒಳ್ಳೇ ವರ್ಷದಲ್ಲಿ ಬಂದೂ ಇರಬಹುದು. ಹಳೇ ಪಟ್ಟಿ, ರಸೀದಿ ತೆಗೆದು ಐದು ವರ್ಷದ ಸರಾಸರಿ ಹಾಕಿ. ಅರೇಬಿಕಾ ಗಿಡ ಒಂದು ವರ್ಷ ಹೆಚ್ಚು ಕೊಟ್ಟರೆ ಮರುವರ್ಷ ಸುಸ್ತಾಗುತ್ತದೆ.

ದರದ ವಿಷಯದಲ್ಲಿ ಇನ್ನೂ ಬಿಗಿಯಾಗಿರಿ. ಈಗಿನ ದರ ಹಿಡಿದು ಲೆಕ್ಕ ಹಾಕಿದರೆ ಯಾವ ತೋಟವೂ ಲಾಭದ್ದೇ. 2000ದ ನಂತರದ ಎರಡು ಮೂರು ವರ್ಷ ಕಾಫಿ ದರ ಜಗತ್ತಿನಾದ್ಯಂತ ಕುಸಿದಿತ್ತು. ಕುಯ್ಲಿನ ಕೂಲಿಯೂ ಹುಟ್ಟದ ಕಾಲ ಅದು. ಊರಿನ ಹಿರಿಯರನ್ನು ಕೇಳಿ, ಯಾರ್ಯಾರು ಯಾವ ಗದ್ದೆ ಮಾರಿದರು ಅಂತ ಹೆಸರು ಸಮೇತ ಹೇಳುತ್ತಾರೆ. ಈಗಿನ ದರದ ಅರ್ಧಕ್ಕೆ ಲೆಕ್ಕ ಹಾಕಿ. ಅಷ್ಟರಲ್ಲೂ ಮನೆ ನಡೆಯುತ್ತದೆ ಅನ್ನಿಸಿದರೆ ಮುಂದಿನ ಹಂತ ಓದಿ. ಇಲ್ಲದಿದ್ದರೆ ಕೆಲಸ ಬಿಡಬೇಡಿ. ಕಂಪನಿ ಒಪ್ಪಿದರೆ ವಾರಕ್ಕೆ ಮೂರು ದಿನ ಊರಿಂದಲೇ ಕೆಲಸ ಮಾಡಿ, ಉಳಿದ ದಿನ ತೋಟ ಸುತ್ತಿ. ಇಂಟರ್ನೆಟ್ ಇರುವ ಕಡೆ ಇದು ನಿಜಕ್ಕೂ ನಡೆಯುವ ದಾರಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಹಂತ 2: ಪಹಣಿ, ಖಾತೆ, ಅಕ್ಕ-ತಂಗಿಯರು

ಸರ್ಕಾರದ 'ಭೂಮಿ' ವೆಬ್‌ಸೈಟಿನಿಂದ ಎಲ್ಲಾ ಸರ್ವೆ ನಂಬರಿನ ಪಹಣಿ ತೆಗೆಸಿ. ತೀರಿಕೊಂಡವರ ಹೆಸರಿದ್ದರೆ ಪೌತಿ ಖಾತೆಗೆ ಅರ್ಜಿ ಹಾಕಿ. ಜಮೀನು ಭಾಗ ಆಗಬೇಕಿದ್ದರೆ 11ಇ ನಕ್ಷೆ (ಭಾಗವಾಗುವ ಜಮೀನಿನ ಸರ್ವೆ ನಕ್ಷೆ) ಬೇಕು. ಸರ್ವೆಯವರು ಬರುವುದಕ್ಕೆ ಕಾಯಬೇಕಾಗುತ್ತದೆ, ಹಾಗಾಗಿ ಇದನ್ನು ಬೆಂಗಳೂರಿನಲ್ಲಿ ಇರುವಾಗಲೇ ಶುರುಮಾಡಿ.

ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದಮೇಲೆ ಹಿಂದೂ ಕೂಡು ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ತಿದ್ದುಪಡಿ ಜಾರಿಯಾದ ದಿನಕ್ಕೆ ತಂದೆ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. "ಅಕ್ಕ ಏನೂ ಕೇಳಲ್ಲ ಬಿಡಿ" ಅನ್ನುವ ಮಾತನ್ನು ನಂಬಿ ಇಪ್ಪತ್ತು ಲಕ್ಷದ ಸ್ಪ್ರಿಂಕ್ಲರ್ ಹಾಕಬೇಡಿ. ಅಕ್ಕ ಕೇಳದಿರಬಹುದು. ಭಾವ ಕೇಳುತ್ತಾರೆ. ಹಬ್ಬಕ್ಕೆ ಎಲ್ಲರೂ ಸೇರಿದಾಗ ಕೂತು ಮಾತಾಡಿ. ತೋಟ ನೋಡಿಕೊಳ್ಳುವವರಿಗೆ ದುಡಿಮೆಗೆ ಇಷ್ಟು, ಉಳಿದ ಲಾಭದಲ್ಲಿ ಎಲ್ಲರಿಗೂ ಇಷ್ಟಿಷ್ಟು ಅಂತ ಬರೆದಿಡಿ. ಮಾತು ಮುಗಿದ ಮೇಲೆ ಅದನ್ನು ವಕೀಲರ ಹತ್ತಿರ ತೆಗೆದುಕೊಂಡು ಹೋಗಿ. ವಕೀಲರನ್ನೇ ಮೊದಲು ಮನೆಗೆ ಕರೆದರೆ ಮಾತೇ ನಿಂತುಹೋಗುತ್ತದೆ.

ಹಂತ 3: ಅಪ್ಪನ ಜೊತೆ ಒಪ್ಪಂದ

ಕಷ್ಟದ ಹಂತ ಇದೇ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಅಪ್ಪ ಯಾಕೆ ಹಾಗೆ ಯೋಚಿಸುತ್ತಾರೆ ಅನ್ನುವುದು ಮೊದಲು ಗೊತ್ತಿರಬೇಕು. ಈಗ ಎಪ್ಪತ್ತರ ಹತ್ತಿರ ಇರುವವರು ಕಾಫಿ ಕಲಿತದ್ದು ಪೂಲ್ ಕಾಲದಲ್ಲಿ. 1942ರ ಕಾಯ್ದೆಯ ಪ್ರಕಾರ ಬೆಳೆದ ಕಾಫಿಯನ್ನು ಸರ್ಕಾರದ ಕಾಫಿ ಬೋರ್ಡಿಗೇ ಕೊಡಬೇಕಿತ್ತು. ಬೋರ್ಡ್ ಮಾರಿ, ಕಂತು ಕಂತಾಗಿ ದುಡ್ಡು ಕೊಡುತ್ತಿತ್ತು. 1990ರ ದಶಕದ ಶುರುವಿನಲ್ಲಿ ಅದು ಸಡಿಲವಾಗುತ್ತಾ ಬಂದು, 1996ರ ಹೊತ್ತಿಗೆ ಯಾರು ಯಾರಿಗೆ ಬೇಕಾದರೂ ಮಾರಬಹುದು ಅಂತಾಯಿತು. ಚಿಕ್ಕಮಗಳೂರಿನ ಬೆಳೆಗಾರರ ಮನೆತನದ ವಿ.ಜಿ. ಸಿದ್ಧಾರ್ಥ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕಾಫಿ ಡೇ ತೆರೆದದ್ದೂ ಅದೇ ವರ್ಷ. ಆದರೆ ಹೆಚ್ಚಿನವರಿಗೆ ಮಾರುವುದನ್ನು ಯಾರೂ ಕಲಿಸಲಿಲ್ಲ. ನಿಮ್ಮಪ್ಪ ಒಳ್ಳೇ ಬೆಳೆಗಾರ. ವ್ಯಾಪಾರ ಅವರು ನಡುವಯಸ್ಸಿನಲ್ಲಿ, ಏಟು ತಿಂದು ಕಲಿತದ್ದು. ಮಾರುವ ಮಾತು ಬಂದ ಕೂಡಲೇ ಅವರು ಸಿಡುಕುವುದಕ್ಕೆ ಇದೂ ಒಂದು ಕಾರಣ.

ಆದ್ದರಿಂದ ಅಧಿಕಾರವನ್ನು ಒಂದೇ ಸಲ ಕೇಳಬೇಡಿ, ತುಂಡು ತುಂಡಾಗಿ ತೆಗೆದುಕೊಳ್ಳಿ. ಮೂರು ವಿಷಯ ಬೇರೆ ಬೇರೆ ಇಡಿ: ಲೆಕ್ಕ ಯಾರು ಬರೆಯುತ್ತಾರೆ, ಮೇಸ್ತ್ರಿಗೆ ಯಾರು ಹೇಳುತ್ತಾರೆ, ಯಾವಾಗ ಮಾರಬೇಕು ಅಂತ ಯಾರು ತೀರ್ಮಾನಿಸುತ್ತಾರೆ. ಮೊದಲ ವರ್ಷ ಲೆಕ್ಕ ಮಾತ್ರ ನಿಮ್ಮದು. "ಅಪ್ಪಾ, ಈ ಸಲ ಮಾರೋದು ನೀವೇ ಮಾರಿ. ಎಷ್ಟಕ್ಕೆ, ಯಾಕೆ ಆವತ್ತೇ ಮಾರಿದ್ರಿ ಅಂತ ನಂಗೆ ಹೇಳ್ತಾ ಹೋಗಿ, ಬರ್ಕೋತೀನಿ" ಅನ್ನಿ. ಹೀಗೆ ಕೇಳಿದರೆ ಇಲ್ಲ ಅನ್ನುವ ಅಪ್ಪಂದಿರು ಕಡಿಮೆ. ಎರಡನೇ ವರ್ಷ ಕೆಲಸದ ಉಸ್ತುವಾರಿ ನಿಮಗೆ ಬರಲಿ. ಮೂರನೇ ವರ್ಷ ಮಾರಾಟ.

ಒಂದು ನಿಯಮ ಮಾತ್ರ ಮೊದಲ ದಿನದಿಂದಲೇ ಇರಲಿ. ಬೆಳಗ್ಗೆ ಮೇಸ್ತ್ರಿಗೆ ಕೆಲಸ ಹೇಳುವವರು ಒಬ್ಬರೇ. ಅಪ್ಪ ಗೊಬ್ಬರ ಅಂದು, ಮಗ ಕಳೆ ಅಂದರೆ, ಮೇಸ್ತ್ರಿ ತನಗೆ ಸುಲಭ ಯಾವುದೋ ಅದನ್ನೇ ಮಾಡಿಸುತ್ತಾನೆ. ತಪ್ಪು ಅವನದ್ದಲ್ಲ.

ಹಂತ 4: ಮೊದಲ ವರ್ಷ ಏನನ್ನೂ ಬದಲಾಯಿಸಬೇಡಿ, ಬರೆಯಿರಿ

ಕಂಪನಿಯಲ್ಲಿ ಮೂರು ತಿಂಗಳಲ್ಲಿ ಫಲಿತಾಂಶ ತೋರಿಸಿ ಅಭ್ಯಾಸ ಆಗಿರುತ್ತದೆ. ಗಿಡಕ್ಕೆ ಅದು ಗೊತ್ತಿಲ್ಲ. ಇವತ್ತು ಮಾಡಿದ ಕಸಿಯ (ಗಿಡದ ಕೊಂಬೆ ಸವರುವುದರ) ಫಲ ಕಾಣುವುದು ಮುಂದಿನ ವರ್ಷದ ಕುಯ್ಲಿನಲ್ಲಿ. ಹಾಗಾಗಿ ಒಂದು ಇಡೀ ವರ್ಷ ಸುಮ್ನೆ ಕಣ್ಣು ತೆರೆದು ನೋಡಿ.

ಏನು ನೋಡಬೇಕು? ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ. ಅದು ಬಿದ್ದ ದಿನ ಯಾವುದು, ಎಷ್ಟು ಬಿತ್ತು, ಆಮೇಲೆ ಬ್ಯಾಕಿಂಗ್ ಮಳೆ (ಹೂ ಕಾಯಿ ಕಟ್ಟಲು ಬೇಕಾದ ಎರಡನೇ ಮಳೆ) ಎಷ್ಟು ದಿನಕ್ಕೆ ಬಂತು. ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಅರೇಬಿಕಾ ಸಾಲುಗಳಲ್ಲಿ ಬೋರರ್ (ಬಿಳಿ ಕಾಂಡಕೊರಕ ಹುಳ) ಹಿಡಿದ ಗಿಡ ಹುಡುಕುವುದು. ಅದರ ದುಂಬಿ ಹೊರಗೆ ಹಾರುವುದು ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್‌ನಲ್ಲಿ. ಅದಕ್ಕೆ ಮೊದಲೇ ಗಿಡ ಕಿತ್ತು ಸುಡಬೇಕು. ಮುಂಗಾರಿಗೆ ಮೊದಲು ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) ಮತ್ತು ಎಲೆ ತುಕ್ಕು ರೋಗಕ್ಕೆ ಬೋರ್ಡೋ (ಮೈಲುತುತ್ತ–ಸುಣ್ಣದ ದ್ರಾವಣ) ಸಿಂಪಡಣೆ. ಮಳೆ ಬಿಟ್ಟ ಮೇಲೆ ಕಳೆ, ಚಿಗುರು ತೆಗೆಯುವುದು, ಗೊಬ್ಬರ. ನವೆಂಬರ್ ಹೊತ್ತಿಗೆ ಅರೇಬಿಕಾ ಕುಯ್ಲು, ಜನವರಿ ಆದಮೇಲೆ ರೊಬಸ್ಟಾ. ನಡುವೆ ಮೆಣಸು.

ನಮ್ಮ ಕಡೆ ಹಳೇ ಮನೆಗಳಲ್ಲಿ ಮಳೆ ಪುಸ್ತಕ ಇರುತ್ತದೆ. ಅಂಗಳದಲ್ಲಿ ಮಳೆ ಮಾಪಕ, ಬೆಳಗ್ಗೆ ಎದ್ದ ಕೂಡಲೇ ಇಂಚು, ಸೆಂಟ್ ಲೆಕ್ಕದಲ್ಲಿ ಬರೆಯುವ ರೂಢಿ. ಆ ಪುಸ್ತಕಗಳನ್ನು ಹುಡುಕಿ. ಎಕ್ಸೆಲ್‌ಗೆ ಹಾಕಿ. ಇಪ್ಪತ್ತು ಮೂವತ್ತು ವರ್ಷದ ಮಳೆ, ಪಕ್ಕದಲ್ಲಿ ಆ ವರ್ಷದ ಇಳುವರಿ. ಯಾವ ಕನ್ಸಲ್ಟೆಂಟೂ ಕೊಡಲಾಗದ ಮಾಹಿತಿ ಅದು. ಹೂಮಳೆ ತಪ್ಪುವ ವರ್ಷಗಳು ಎಷ್ಟು ಅಂತ ಅದರಲ್ಲೇ ಗೊತ್ತಾಗುತ್ತದೆ. ಸ್ಪ್ರಿಂಕ್ಲರ್ ಬೇಕೋ ಬೇಡವೋ, ಕೆರೆ ತೆಗೆಸಬೇಕೋ ಅನ್ನುವುದನ್ನು ಅದನ್ನು ನೋಡಿ ತೀರ್ಮಾನಿಸಿ.

ತೋಟವನ್ನು ಬ್ಲಾಕುಗಳಾಗಿ, ಅಂದರೆ ಭಾಗ ಭಾಗವಾಗಿ ವಿಂಗಡಿಸಿ ಲೆಕ್ಕ ಇಡಿ. ಒಟ್ಟು ಲಾಭ ಗೊತ್ತಿದ್ದರೆ ಸಾಲದು. ಹಳ್ಳದ ಪಕ್ಕದ ಮೂರು ಎಕರೆ ನಷ್ಟದಲ್ಲಿದ್ದು, ಮೇಲಿನ ಬ್ಲಾಕ್ ಅದನ್ನು ಸಾಕುತ್ತಿರಬಹುದು. ವರ್ಷ ಮುಗಿದಾಗ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಗೆ ಈ ಲೆಕ್ಕ, ಮಣ್ಣಿನ ಸ್ಯಾಂಪಲ್ ಎರಡೂ ಹಿಡಿದು ಹೋಗಿ. 1925ರಲ್ಲಿ ಶುರುವಾದ ಕೇಂದ್ರ ಅದು, ನಮ್ಮ ಮನೆ ಬಾಗಿಲಲ್ಲೇ ಇದೆ. ಅರೇಬಿಕಾ ತಳಿಗಳಲ್ಲಿ ಎಸ್.795 ಇಟ್ಟುಕೊಳ್ಳಬೇಕೋ, ಚಂದ್ರಗಿರಿ ಹಾಕಬೇಕೋ, ಅರೇಬಿಕಾ ತೆಗೆದು ರೊಬಸ್ಟಾ ಮಾಡಬೇಕೋ ಅನ್ನುವ ಪ್ರಶ್ನೆಗಳನ್ನು ಅಲ್ಲಿ ಕೇಳಿ. ವಾಟ್ಸಾಪ್ ಗ್ರೂಪಿನಲ್ಲಿ ಬೇಡ.

ಹಂತ 5: ಕೆಲಸದವರ ಜೊತೆ

ಬೆಂಗಳೂರಿನಿಂದ ಬಂದವರು ಮೊದಲು ಹೇಳುವ ಮಾತು, "ಕೆಂಪು ಹಣ್ಣು ಮಾತ್ರ ಕುಯ್ಯಿರಿ". ಸಂಜೆ ಕಣದಲ್ಲಿ ತೂಕ ನಡೆಯುವಾಗ ಹೋಗಿ ನಿಲ್ಲಿ. ಚೀಲ ಸುರಿದಾಗ ಕೆಂಪಿನ ನಡುವೆ ಹಸಿರು ಕಾಯಿ, ಅರೆಹಣ್ಣು, ಎಲೆ, ಮುರಿದ ರೆಕ್ಕೆ (ಗಿಡದ ಅಡ್ಡಕೊಂಬೆ) ಎಲ್ಲಾ ಇರುತ್ತದೆ. ರೈಟರ್ ಪುಸ್ತಕದಲ್ಲಿ ಬರೆಯುತ್ತಿರುತ್ತಾರೆ: ಇವಳಿಗೆ 62 ಕೆ.ಜಿ., ಅವಳಿಗೆ 48. ಕಡಿಮೆ ತೂಗಿದ ಹೆಂಗಸಿನ ಚೀಲ ನೋಡಿ. ಬಹುಶಃ ಹಣ್ಣು ಅದರಲ್ಲೇ ಚೆನ್ನಾಗಿರುತ್ತದೆ. ಆರಿಸಿ ಕುಯ್ದವರಿಗೆ ಕಾಸು ಕಡಿಮೆ, ಬಾಚಿ ಕುಯ್ದವರಿಗೆ ಜಾಸ್ತಿ. ನಮ್ಮ ಮೇಸ್ತ್ರಿ ಒಮ್ಮೆ ನೇರವಾಗಿಯೇ ಕೇಳಿದ: "ಕೆಜಿ ಲೆಕ್ಕಕ್ಕೆ ಕುಯ್ಯೋರಿಗೆ ಆರಿಸಿ ಕುಯ್ಯಿ ಅಂದ್ರೆ, ಅವರು ಹೊಟ್ಟೆಗೇನ್ ತಿಂತಾರೆ ಗೌಡ್ರೇ?"

ಅವನ ಪ್ರಶ್ನೆಗೆ ಉತ್ತರ ಇಲ್ಲದೆ ಬದಲಾವಣೆ ಮಾಡಲು ಹೋಗಬೇಡಿ. ಮಾಡುವುದಾದರೆ ಹೀಗೆ ಮಾಡಿ. ಒಂದೇ ಒಂದು ಬ್ಲಾಕ್ ಆರಿಸಿ. ಅಲ್ಲಿಗೆ ಕೆಜಿ ಲೆಕ್ಕ ತೆಗೆದು ದಿನಗೂಲಿ ಇಡಿ, ಮೇಲೆ ಸ್ವಚ್ಛ ಹಣ್ಣಿಗೆ ಇಷ್ಟು ಅಂತ ಹೆಚ್ಚುವರಿ ಕೊಡಿ. ಕೈ ಶುದ್ಧ ಇರುವ ನಾಲ್ಕೈದು ಜನ ಯಾರು ಅಂತ ಮೇಸ್ತ್ರಿಯನ್ನೇ ಕೇಳಿ. ಉಳಿದ ತೋಟ ಹಳೇ ಲೆಕ್ಕದಲ್ಲೇ ನಡೆಯಲಿ. ಕೂಲಿ ಬದಲಾಗದೆ ಕೆಲಸ ಬದಲಾಗುವುದಿಲ್ಲ. ಇದು ಕಂಪನಿಗಳಿಗೂ ಗೊತ್ತಿರಬೇಕಾದ ಮಾತು. ಅಲ್ಲೂ ಗುಣಮಟ್ಟ ಅಂತ ಪೋಸ್ಟರ್ ಅಂಟಿಸಿ, ಇನ್ಕ್ರಿಮೆಂಟ್ ಮಾತ್ರ ಸಂಖ್ಯೆ ನೋಡಿ ಕೊಡುತ್ತಾರೆ.

ಕುಯ್ಲಿಗೆ ಈಗ ಅಸ್ಸಾಂ ಕಡೆಯಿಂದ ಬರುವವರೇ ಬಹಳ. ಅವರಿಗೆ ಲೈನ್ ಮನೆಯಲ್ಲಿ (ಕೆಲಸದವರ ಸಾಲುಮನೆ) ನೀರು, ಶೌಚಾಲಯ, ಕರೆಂಟು ಸರಿಯಿದ್ದರೆ ಮುಂದಿನ ವರ್ಷ ಅದೇ ತಂಡ ವಾಪಸ್ ಬರುತ್ತದೆ. ಸ್ಪೆಷಾಲಿಟಿ ಕಾಫಿ (ಉತ್ತಮ ಗುಣಮಟ್ಟದ ಕಾಫಿ) ಕನಸು ಕಾಣುವ ಮೊದಲು ಲೈನ್ ಮನೆಯ ಸೂರು ನೋಡಿ. ಆಲೂರು, ಸಕಲೇಶಪುರ ಕಡೆಯವರು ಆನೆ ವಿಷಯದಲ್ಲಿ ಎಚ್ಚರವಾಗಿರಿ. ಅರಣ್ಯ ಇಲಾಖೆಯ ಎಚ್ಚರಿಕೆಯ ಮೆಸೇಜು ಬೆಳಗ್ಗೆ ಓದದೆ ಜನರನ್ನು ತೋಟಕ್ಕೆ ಕಳಿಸಬೇಡಿ.

ಹಂತ 6: ಇದ್ದ ಕಾಫಿಯನ್ನೇ ಸರಿಯಾಗಿ ಮಾರುವುದು

ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಮಾರುವಾಗ ಓಟಿ (ಔಟ್‌ಟರ್ನ್) ಲೆಕ್ಕ ಅರ್ಥ ಮಾಡಿಕೊಳ್ಳಿ. ಔಟ್‌ಟರ್ನ್ 26 ಅಂದರೆ 50 ಕೆ.ಜಿ. ಒಣ ಚೆರಿ ಒಡೆದರೆ 26 ಕೆ.ಜಿ. ಬೀಜ. ದರ ಒಂದು ಪಾಯಿಂಟಿಗೆ ಇಷ್ಟು ಅಂತ ಇರುತ್ತದೆ. ನಿಮ್ಮದು 28 ಬರುವ ಕಾಫಿ ಆಗಿದ್ದು, ವ್ಯಾಪಾರಿ 26ಕ್ಕೆ ಹಿಡಿದರೆ ಪ್ರತಿ ಮೂಟೆಗೆ ಎರಡು ಪಾಯಿಂಟ್ ಹೋಯಿತು. ನೂರು ಮೂಟೆಗೆ ಎಷ್ಟಾಯಿತು ಅಂತ ನೀವೇ ಗುಣಿಸಿ. ಒಂದು ಮಾಯಿಶ್ಚರ್ ಮೀಟರ್ ಮತ್ತು ಸ್ಯಾಂಪಲ್ ಒಡೆದು ನೋಡುವ ಚಿಕ್ಕ ಮೆಷಿನ್ ಮನೆಯಲ್ಲಿದ್ದರೆ ಮಾತಿನ ಧಾಟಿಯೇ ಬದಲಾಗುತ್ತದೆ. ತೇವಾಂಶ 10–11 ಶೇಕಡಕ್ಕೆ ಇಳಿಯದ ಕಾಫಿಯನ್ನು ಗೋದಾಮಿಗೆ ಹಾಕಬೇಡಿ. ಬೂಸ್ಟು ಬರುತ್ತದೆ. ತೀರಾ ಒಣಗಿಸಿದರೆ ತೂಕ ಹೋಗುತ್ತದೆ.

ದರ ಏರಲಿ ಅಂತ ಪೂರ್ತಿ ಬೆಳೆ ಕಟ್ಟಿಡಬೇಡಿ. ಸಾಲ ಮತ್ತು ಮುಂದಿನ ವರ್ಷದ ಖರ್ಚಿಗೆ ಆಗುವಷ್ಟು ಕುಯ್ಲು ಮುಗಿದ ಕೂಡಲೇ ಮಾರಿ. ಉಳಿದದ್ದರಲ್ಲಿ ಆಟ ಆಡಿ.

ಹಂತ 7: ಸ್ವಂತ ಬ್ರ್ಯಾಂಡ್, ನಿಜವಾಗಿಯೂ ಬೇಕಿದ್ದರೆ

ಎಲ್ಲರಿಗೂ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಬೆಳೆಯುವುದು ಒಂದು ಕಸುಬು, ಪುಡಿ ಮಾರುವುದು ಇನ್ನೊಂದು. ಆದರೂ ಲೆಕ್ಕ ಹೀಗಿದೆ. 50 ಕೆ.ಜಿ. ಅರೇಬಿಕಾ ಪಾರ್ಚ್‌ಮೆಂಟ್ ಕ್ಯೂರಿಂಗ್‌ಗೆ (ಹೊಟ್ಟು ತೆಗೆದು ಬೀಜ ವಿಂಗಡಿಸುವುದಕ್ಕೆ) ಹೋದರೆ ಸುಮಾರು 40 ಕೆ.ಜಿ. ಬೀಜ. ಹುರಿದಾಗ 15–20 ಶೇಕಡ ತೂಕ ಹೋಗಿ 33 ಕೆ.ಜಿ. ಆಸುಪಾಸು ಉಳಿಯುತ್ತದೆ. ಅಂದರೆ ಮೂಟೆಯ ದರವನ್ನು 33ರಿಂದ ಭಾಗಿಸಿ. ಅದು ನಿಮ್ಮ ಒಂದು ಕೆ.ಜಿ.ಯ ಮೂಲ ಬೆಲೆ. ಅದಕ್ಕೆ ಕ್ಯೂರಿಂಗ್, ಹುರಿಯುವ ಕೂಲಿ, ಪ್ಯಾಕೆಟ್, ಕೊರಿಯರ್, ಜಾಹೀರಾತು ಸೇರಿಸಿ. ಕಾಫಿ ದರ ಏರಿದ ವರ್ಷ ಬೀಜವನ್ನೇ ಮಾರಿದ್ದರೆ ಜಾಸ್ತಿ ಸಿಗುತ್ತಿತ್ತು ಅಂತ ಗೊತ್ತಾಗುವುದು ಇಲ್ಲೇ.

ಆದರೂ ಮಾಡುತ್ತೇನೆ ಅನ್ನುವವರು ಹಂತ 5ರ ಒಂದು ಬ್ಲಾಕಿನ ಹಣ್ಣಿನಿಂದ ಶುರು ಮಾಡಿ. ಅದನ್ನು ಬೇರೆಯಾಗಿ ಪಲ್ಪ್ ಮಾಡಿ (ಹಣ್ಣಿನ ಸಿಪ್ಪೆ ಬಿಡಿಸಿ), ನೆಲದಿಂದ ಎತ್ತರದ ಬಲೆ ಮಂಚದ ಮೇಲೆ ನಿಧಾನಕ್ಕೆ ಒಣಗಿಸಿ, ಸ್ಯಾಂಪಲ್ಲನ್ನು ಕಾಫಿ ಬೋರ್ಡಿನ ಲ್ಯಾಬಿಗೆ ಕಪ್ಪಿಂಗ್‌ಗೆ (ರುಚಿ ನೋಡಿ ಅಂಕ ಕೊಡುವುದಕ್ಕೆ) ಕಳಿಸಿ. 100ಕ್ಕೆ 80 ಅಂಕ ದಾಟಿದರೆ ಸ್ಪೆಷಾಲಿಟಿ ಅನ್ನುತ್ತಾರೆ. ದಾಟದಿದ್ದರೆ ಯಾಕೆ ದಾಟಲಿಲ್ಲ ಅಂತ ಕೇಳಿ, ಮುಂದಿನ ಕುಯ್ಲಿನಲ್ಲಿ ಸರಿಮಾಡಿ. ಹುರಿಯುವ ಮೆಷಿನ್ ಕೊಳ್ಳಬೇಡಿ. ಮೊದಲ ಎರಡು ವರ್ಷ ಬೇರೆಯವರ ರೋಸ್ಟರಿಯಲ್ಲೇ ಕೂಲಿಗೆ ಹುರಿಸಿ. ಪಲ್ಪರ್ ನೀರು ಹಳ್ಳಕ್ಕೆ ಹೋಗದಂತೆ ಗುಂಡಿ ಮಾಡಿಸುವುದನ್ನು ಮರೆಯಬೇಡಿ. ಕೆಳಗಿನ ಊರಿನವರು ಅದೇ ನೀರು ಕುಡಿಯುತ್ತಾರೆ.

ಕಾನೂನಿನ ಕಡೆ ನಾಲ್ಕು ವಿಷಯ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು. ಚಿಕೋರಿ ಬೆರೆಸಿದರೆ ಕಾಫಿ ಕನಿಷ್ಠ 51 ಶೇಕಡ ಇರಬೇಕು, ಎಷ್ಟೆಷ್ಟು ಅಂತ ಪ್ಯಾಕೆಟ್ ಮೇಲೆ ಬರೆಯಬೇಕು. ಬೇರೆ ರಾಜ್ಯಕ್ಕೆ ಪುಡಿ ಕಳಿಸುವುದಾದರೆ ವಹಿವಾಟು ಎಷ್ಟೇ ಚಿಕ್ಕದಿರಲಿ, ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕು. ನಾಲ್ಕನೆಯದು ಬಹಳ ಜನಕ್ಕೆ ತಡವಾಗಿ ಗೊತ್ತಾಗುವಂಥದ್ದು. ಕ್ಯೂರ್ ಮಾಡಿ ಇಲ್ಲವೇ ಹುರಿದು ಮಾರಿದ ಕಾಫಿಯ ಆದಾಯ ಪೂರ್ತಿ ಕೃಷಿ ಆದಾಯ ಅಲ್ಲ. 1962ರ ಆದಾಯ ತೆರಿಗೆ ನಿಯಮಗಳ 7ಬಿ ಪ್ರಕಾರ ಬೆಳೆದು ಕ್ಯೂರ್ ಮಾಡಿ ಮಾರಿದರೆ 25 ಶೇಕಡ ಆದಾಯವನ್ನು, ಹುರಿದು ಪುಡಿ ಮಾಡಿ ಮಾರಿದರೆ 40 ಶೇಕಡವನ್ನು ವ್ಯಾಪಾರದ ಆದಾಯ ಅಂತ ಹಿಡಿಯುತ್ತಾರೆ. 2025ರ ಹೊಸ ತೆರಿಗೆ ಕಾಯ್ದೆ ಬಂದಿರುವುದರಿಂದ ಈಗ ಯಾವ ನಿಯಮ ಹೇಗೆ ಅನ್ವಯಿಸುತ್ತದೆ ಅಂತ ಆಡಿಟರ್ ಹತ್ತಿರ ಕೇಳಿಯೇ ಬೆಲೆ ಕಟ್ಟಿ.

ಹೆಸರಿನ ಬಗ್ಗೆ ಒಂದು ಮಾತು. ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಸಿಕ್ಕಿದೆ. ಆ ಹೆಸರು ಬಳಸಬೇಕಾದರೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಬೋರ್ಡಿನಲ್ಲಿ ವಿಚಾರಿಸಿ. ರಫ್ತಿನ ಯೋಚನೆ ಇದ್ದರೆ ಯುರೋಪಿನ 2023ರ ಕಾನೂನನ್ನೂ ಗಮನಿಸಿ. 2020ರ ಡಿಸೆಂಬರ್ ಕೊನೆಯ ನಂತರ ಕಾಡು ಕಡಿದು ಮಾಡಿದ ತೋಟದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಜಾರಿ ದಿನಾಂಕ ಮುಂದೆ ಹೋಗುತ್ತಲೇ ಇದೆ, ಆದರೆ ತೋಟದ ಜಿಪಿಎಸ್ ಗಡಿ ದಾಖಲೆ ಈಗಲೇ ಮಾಡಿಟ್ಟರೆ ನಷ್ಟವೇನಿಲ್ಲ.

ಹೋಂಸ್ಟೇ? ಅದು ಮೂರನೇ ಕಸುಬು. ವಾರಾಂತ್ಯಕ್ಕೆ ಬಂದವರಿಗೆ ಅಕ್ಕಿ ರೊಟ್ಟಿ ಬಡಿಯುವ ಕೈ ಬಹುತೇಕ ಅಮ್ಮನದ್ದು ಇಲ್ಲವೇ ಹೆಂಡತಿಯದ್ದು. ಅವರನ್ನು ಕೇಳದೆ ರೂಮು ಕಟ್ಟಿಸಬೇಡಿ.

ಹಂತ 8: ಮೂರನೇ ಕುಯ್ಲಿನ ನಂತರ ಕೂತು ನೋಡುವುದು

ಬರುವಾಗಲೇ ಒಂದು ಹಾಳೆಯಲ್ಲಿ ಬರೆದಿಡಿ: ಮೂರು ಕುಯ್ಲು ಆದಮೇಲೆ ಸಾಲ ಎಷ್ಟಿರಬೇಕು, ಮನೆಗೆ ಎಷ್ಟು ಉಳಿಯಬೇಕು, ಯಾವ ಮಟ್ಟಕ್ಕಿಂತ ಕೆಳಗೆ ಹೋದರೆ ವಾಪಸ್ ಹೋಗುವುದು. ಗಂಡ-ಹೆಂಡತಿ ಇಬ್ಬರೂ ಸಹಿ ಹಾಕಿ. ಆಗ ಬರೆದದ್ದಕ್ಕೂ, ಮೂರನೇ ಏಪ್ರಿಲ್‌ನಲ್ಲಿ ಮನಸ್ಸು ಹೇಳುವುದಕ್ಕೂ ಬಹಳ ವ್ಯತ್ಯಾಸ ಇರುತ್ತದೆ. ಹಾಳೆಯನ್ನು ನಂಬಿ. ಅಲ್ಲಿವರೆಗೂ ಹಳೇ ಸಹೋದ್ಯೋಗಿಗಳ ಜೊತೆ ಮಾತು ಇಟ್ಟುಕೊಳ್ಳಿ, ಮಳೆಗಾಲದಲ್ಲಿ ಬಿಡುವಿದ್ದಾಗ ಒಂದಿಷ್ಟು ಫ್ರೀಲಾನ್ಸ್ ಕೆಲಸ ಮಾಡಿ. ವರ್ಷಗಳ ಖಾಲಿ ಜಾಗ ಇರುವ ರೆಸ್ಯೂಮೆಗಿಂತ ಇಪ್ಪತ್ತು ಎಕರೆ, ಹದಿನೈದು ಜನ, ಒಂದು ಬ್ಯಾಲೆನ್ಸ್ ಶೀಟ್ ನಡೆಸಿದ್ದೇನೆ ಅನ್ನುವುದು ಸಂದರ್ಶನದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಹಾಗೇ ಬರೆಯಿರಿ.

ವಾಪಸ್ ಹೋಗುವುದೇ ಆದರೆ ತೋಟವನ್ನು ಪಾಳು ಬಿಡಬೇಡಿ, ನಂಬಿಕಸ್ಥರಿಗೆ ಗುತ್ತಿಗೆ ಕೊಡಿ. ಕರಾರಿನಲ್ಲಿ ಕಾಫಿಯ ಮಾತು ಎಲ್ಲರೂ ಬರೆಸುತ್ತಾರೆ. ಮೆಣಸು ಯಾರದ್ದು, ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಮರ ಕಡಿಯುವ ಹಕ್ಕು ಯಾರದ್ದು, ಸತ್ತ ಗಿಡದ ಜಾಗಕ್ಕೆ ಹೊಸದು ಹಾಕುವ ಖರ್ಚು ಯಾರದ್ದು ಅನ್ನುವುದನ್ನು ಬಿಟ್ಟುಬಿಡುತ್ತಾರೆ. ಜಗಳ ಬರುವುದು ಅಲ್ಲೇ. ಆ ಮೂರನ್ನೂ ಬರೆಸಿ, ಬೋರರ್ ಗಿಡ ವರ್ಷಕ್ಕೆ ಎರಡು ಸಲ ತೆಗೆಸಬೇಕು ಅನ್ನುವ ಷರತ್ತನ್ನೂ ಸೇರಿಸಿ, ಆಮೇಲೆ ಕೀಲಿಕೈ ಕೊಡಿ.